ಒಂದೇ ಚೆಂಡಿಗೆ ಇಬ್ಬರು

ವಿಮಾನ ನಿಲ್ದಾಣ

ಸಿಯಾಟಲ್‌ಗೆ ಹೋಗಿ ಬಂದವರೆಲ್ಲ ಸೂಜಿಯಂತೆ ನಿಂತ ಆ ಗೋಪುರದ ಮುಂದೆ ತೆಗೆಸಿಕೊಂಡ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅದಿಲ್ಲ. ಕಾರಿನ ಕಿಟಕಿಯಿಂದ ಒಮ್ಮೆ ನೋಡಿದೆ, ಸಾಕೆನಿಸಿತು. ಅಷ್ಟು ದೂರ ನಾನು ಹೋದದ್ದು ಒಬ್ಬ ಮನುಷ್ಯನನ್ನು ನೋಡುವುದಕ್ಕೆ. ನೋಡಿ ಬಂದೆ. ನಾನು ಹೋಗದೇ ಇದ್ದಿದ್ದರೆ ಅವನು ಇವತ್ತು ಇನ್ನಷ್ಟು ನೆಮ್ಮದಿಯಾಗಿರುತ್ತಿದ್ದ. ಪ್ರವಾಸ ಹೇಗಿತ್ತು ಎಂದು ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಇದೇ.

"ಮಾಮ, ಕೇಳಿದ್ರೆ ಫ್ಯಾಮಿಲಿ ವಿಸಿಟ್ ಅಂತ ಮಾತ್ರ ಹೇಳು. ಬೇರೆ ಏನೂ ಬಾಯಿ ಬಿಡ್ಬೇಡ," ಎಂದು ನನ್ನ ತಂಗಿಯ ಮಗಳು ವಿನುತಾ ಫೋನಿನಲ್ಲೇ ಪಾಠ ಮಾಡಿದ್ದಳು. ಇಮಿಗ್ರೇಶನ್ ಅಧಿಕಾರಿ ಯಾಕೆ ಬಂದಿರಿ ಎಂದ ಕೂಡಲೇ ನಾನು, ಒಬ್ಬ ಫುಟ್‌ಬಾಲ್ ಆಟಗಾರನನ್ನು ನೋಡಲು ಎಂದುಬಿಟ್ಟೆ. ಅವನ ಮುಖ ಅರಳಿತು. ಯಾವ ತಂಡ ಎಂದ. ಈಗ ಯಾವ ತಂಡವೂ ಇಲ್ಲ, ನಿವೃತ್ತನಾಗಿದ್ದಾನೆ, ಇಟಲಿಯವನು ಎಂದೆ. "ಓ, ಸಾಕರ್," ಎಂದು ಪಾಸ್‌ಪೋರ್ಟನ್ನು ನನ್ನ ಕಡೆಗೆ ತಳ್ಳಿದ. ಅರ್ಧ ಆಯಸ್ಸು ನಾನು ಆಡಿದ ಆಟಕ್ಕೆ ಆ ದೇಶ ಬಾಗಿಲಲ್ಲೇ ಹೆಸರು ಬದಲಿಸಿ ಒಳಗೆ ಬಿಟ್ಟಿತು.

ನಾನು ಹಲಸೂರಿನವನು. ಗೌತಮಪುರದ ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಬೆಳೆದೆ. ಆ ಆಟದ ದೆಸೆಯಿಂದಲೇ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆ ತಂಡದಲ್ಲಿ ನನ್ನದು ಮಿಡ್‌ಫೀಲ್ಡ್. ಡಿಫೆಂಡರ್‌ಗಳ ಮುಂದೆ ನಿಂತು, ಎದುರಾಳಿಯಿಂದ ಚೆಂಡು ಕಿತ್ತುಕೊಂಡು, ಆಡಬಲ್ಲವರ ಕಾಲಿಗೆ ಕೊಡುವ ಕೆಲಸ. ಗೋಲು ಹೊಡೆದವನನ್ನು ಹೆಗಲ ಮೇಲೆ ಕೂರಿಸಿ ಮೆರೆಸುವಾಗ ಹೊರುವವರಲ್ಲಿ ನಾನೂ ಒಬ್ಬನಾಗಿರುತ್ತಿದ್ದೆ. ಕಾರ್ಖಾನೆಯವರು ಒಂದು ದಿನ ತಂಡವನ್ನೇ ಮುಚ್ಚಿದರು. ನಮ್ಮನ್ನು ಸ್ಟೋರ್ಸಿನಲ್ಲಿ, ಗೇಟಿನಲ್ಲಿ ಕೂರಿಸಿದರು. ನಾನು ಗೇಟಿನಲ್ಲಿ ಕುಳಿತೇ ನಿವೃತ್ತನಾದೆ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಕೇಬಲ್ ಬಂತು. ಭಾನುವಾರ ಸಂಜೆ ಇಟಲಿಯ ಲೀಗ್ ಪಂದ್ಯಗಳು. ಬೀದಿಯವರೆಲ್ಲ ಗೋಲು ಹೊಡೆಯುವವರ ಹೆಸರು ಹಿಡಿದು ಕಿರುಚುತ್ತಿದ್ದರೆ ನಾನು ಒಬ್ಬನನ್ನೇ ನೋಡುತ್ತಿದ್ದೆ: ಒರೆಸ್ತೆ ವಲ್ಸಾಂದ್ರಿ. ಉತ್ತರ ಇಟಲಿಯ ಒಂದು ದೊಡ್ಡ ಕ್ಲಬ್ಬಿನ ಮಿಡ್‌ಫೀಲ್ಡರ್. ನನ್ನದೇ ಜಾಗ, ನನ್ನದೇ ಕೆಲಸ. ಕ್ಯಾಮೆರಾ ಅವನನ್ನು ಹುಡುಕುತ್ತಲೇ ಇರಲಿಲ್ಲ. ನಾನೇ ಪರದೆಯ ಮೂಲೆಯಲ್ಲಿ ಅವನನ್ನು ಹುಡುಕಿಕೊಳ್ಳಬೇಕಿತ್ತು. ಚೆಂಡು ತನ್ನ ಕಡೆ ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದಕ್ಕೆ ನೋಡಿಬಿಡುವ ಚಟ ಅವನಿಗಿತ್ತು. ನೋಡಿ ನೋಡಿ ನಾನೂ ಅದನ್ನು ಕಲಿತೆ.

ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪಿನ ಸೆಮಿಫೈನಲ್ ಒಂದನ್ನು ಮಾತ್ರ ಮರೆಯಲಾರೆ. ಒರೆಸ್ತೆಯ ತಂಡದ ನಾಯಕ, ಡಿಫೆಂಡರ್, ಶೋಕಿ ಮಾಡಲು ಹೋಗಿ ಚೆಂಡು ಕಳೆದುಕೊಂಡ. ಎದುರಾಳಿ ಗೋಲಿನ ಕಡೆ ಓಡಿದ. ಒರೆಸ್ತೆ ಮೈದಾನದ ಆಚೆ ತುದಿಯಿಂದ ಓಡಿ ಬಂದು ಅವನನ್ನು ಕೆಡವಿದ. ಹಳದಿ ಕಾರ್ಡ್. ಹಿಂದಿನ ಪಂದ್ಯವೊಂದರಲ್ಲೇ ಒಂದು ಕಾರ್ಡ್ ಬಿದ್ದಿದ್ದರಿಂದ ಫೈನಲ್‌ನಲ್ಲಿ ಆಡುವ ಹಾಗಿರಲಿಲ್ಲ. ತಂಡ ಕಪ್ ಗೆದ್ದಿತು. ಅವನು ಸೂಟು ಹಾಕಿಕೊಂಡು ಪ್ರೇಕ್ಷಕರ ನಡುವೆ ಕೂತಿದ್ದ. ಕಾಲು ಚಾಚುವಾಗ ಅವನಿಗೆ ಫೈನಲ್ ಹೋಯಿತು ಅಂತ ಗೊತ್ತಿತ್ತೋ ಇಲ್ಲವೋ? ಆ ಪ್ರಶ್ನೆಯನ್ನು ಅಂದಿನಿಂದ ಹೊತ್ತು ತಿರುಗುತ್ತಿದ್ದೆ.

"ಅನ್ವಿ ಟೀಮ್‌ಗೆ ಇಟಾಲಿಯನ್ ಕೋಚ್ ಬಂದಿದಾರೆ ಮಾಮ. ಹಿಂದೆ ಯಾವಾಗ್ಲೋ ಆಡ್ತಿದ್ರಂತೆ. ಒರೆಸ್ತೆ ಅಂತೇನೋ," ಎಂದು ವಿನುತಾ ಹೇಳಿದ ದಿನ ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಮಾರನೆಯ ದಿನವೇ ವೀಸಾಕ್ಕೆ ಓಡಾಟ ಶುರು ಮಾಡಿದೆ.

ಮಿಲ್ ಕ್ರೀಕ್

ವಿನುತಾಳ ಮನೆ ಮಿಲ್ ಕ್ರೀಕ್‌ನಲ್ಲಿ. ಬೀದಿಯ ಎರಡೂ ಕಡೆ ಒಂದೇ ಅಚ್ಚಿನ ಮನೆಗಳು, ಕ್ಷೌರ ಮಾಡಿಸಿಕೊಂಡಂಥ ಹುಲ್ಲು, ಮನುಷ್ಯರ ಸುಳಿವೇ ಇಲ್ಲ. ಮೊದಲ ಬೆಳಿಗ್ಗೆ ವಾಕಿಂಗ್ ಹೋದವನು ಯಾವುದು ನಮ್ಮ ಮನೆ ಎಂದು ತಿಳಿಯದೆ ಪಕ್ಕದ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆಯದೆ ಗಂಟೆಯೇ ನನ್ನ ಜೊತೆ ಮಾತಾಡಿತು. ಹಲಸೂರಿನಲ್ಲಾಗಿದ್ದರೆ ಪಕ್ಕದ ಮನೆಯವರು ಒಳಗೆ ಕರೆದು, ತಿಂಡಿ ಕೊಟ್ಟು, ನನ್ನ ಜಾತಕವನ್ನೆಲ್ಲ ಕೇಳಿ, ಆಮೇಲೆ ದಾರಿ ತೋರಿಸುತ್ತಿದ್ದರು.

ವಿನುತಾಳ ಗಂಡ ಶ್ರೀಹರಿ ಮೈಸೂರಿನವರು. ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಒಳ್ಳೆಯ ಮನುಷ್ಯ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೈಯುವುದು ಇದ್ದೇ ಇದೆ. ನನಗೆ ಬೇಕೆಂದು ಎಲ್ಲಿಂದಲೋ ಹುಡುಕಿ ಹುರುಳಿಕಾಳು ತಂದಿದ್ದರು. ಆದರೆ ಆಫೀಸಿನ ಚಾಳಿ ಮನೆಯೊಳಗೂ ಬಂದಿತ್ತು. ಊಟ ಮುಗಿದ ಕೂಡಲೇ, "ಮಾಮ, ಜರ್ನಿ ಹೇಗಿತ್ತು? ಔಟ್ ಆಫ್ ಟೆನ್ ಎಷ್ಟು ಕೊಡ್ತೀರಿ?" ಎಂದರು. ಮಗಳ ತಂಡಕ್ಕೆ ಪೋಷಕರ ಕಡೆಯ ಮ್ಯಾನೇಜರ್ ಕೂಡ ಅವರೇ.

ಮಗಳು ಅನ್ವಿಗೆ ಹನ್ನೊಂದು. ನಾನು ಕನ್ನಡದಲ್ಲಿ ಕೇಳಿದರೆ ಅವಳದು ಇಂಗ್ಲಿಷಿನಲ್ಲಿ ಉತ್ತರ. "ತಾತನ ಹತ್ರ ಕನ್ನಡದಲ್ಲಿ ಮಾತಾಡು," ಎಂದು ಶ್ರೀಹರಿ ಗದರಿದರೆ ಬಾಯಿಯೇ ಮುಚ್ಚಿಕೊಳ್ಳುತ್ತಿತ್ತು. ಆಟ ಮುಗಿಸಿ ಬಂದವಳು ಗ್ಯಾರೇಜಿನಲ್ಲಿ ಬೂಟು ಕೊಡವುತ್ತಿದ್ದಳು. ಸಾಸಿವೆಯಂಥ ಕಪ್ಪು ರಬ್ಬರ್ ಕಾಳುಗಳು ಉದುರುತ್ತಿದ್ದವು. ಅಲ್ಲಿನ ಮೈದಾನದ ಪ್ಲಾಸ್ಟಿಕ್ ಹುಲ್ಲಿನ ಬುಡಕ್ಕೆ ಮಣ್ಣಿನ ಬದಲು ಅದನ್ನೇ ಹಾಕುತ್ತಾರಂತೆ.

ಇನ್ನೊಂದು ಅಭ್ಯಾಸವನ್ನು ಹೇಳಲೇಬೇಕು. ಅಂಗಡಿಯ ಸಾಲಿನಲ್ಲಿ ನಿಂತಾಗ ಗಂಡ ಹೆಂಡತಿ ಇಬ್ಬರೂ ಮುಂದಿನವರ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಿದ್ದರು. "ಈಯಮ್ಮ ಇಡೀ ಅಂಗಡೀನೇ ಗಾಡಿಗೆ ಹಾಕ್ಕೊಂಡಿದಾಳೆ ನೋಡು," ಎಂದು ಶ್ರೀಹರಿ ಅಂದರೆ ಆಯಮ್ಮ ತಿರುಗಿ ನೋಡಿ ನಕ್ಕಳು. ನಾನು ಅವರ ತೋಳು ಜಗ್ಗಿದೆ. "ಕನ್ನಡ ಮಾಮ. ಯಾರಿಗೆ ಅರ್ಥ ಆಗತ್ತೆ?" ಎಂದರು. ಅಲ್ಲಿ ನಮ್ಮವರಿಗೆ ಕನ್ನಡದಲ್ಲಿ ಆಡಿದ ಮಾತು ಆಡಿದ ಲೆಕ್ಕಕ್ಕೇ ಬರುವುದಿಲ್ಲ.

ಶೋರ್‌ಲೈನ್

ಅಭ್ಯಾಸ ನಡೆಯುತ್ತಿದ್ದದ್ದು ಶೋರ್‌ಲೈನ್‌ನ ಒಂದು ಪಾರ್ಕಿನಲ್ಲಿ. ಜಿಟಿಜಿಟಿ ಮಳೆ. ಅಪ್ಪ ಅಮ್ಮಂದಿರು ಮಡಚುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ಕಾಫಿ ಹೀರುತ್ತ ಕೂತಿದ್ದರು. ಗೌತಮಪುರದಲ್ಲಿ ನಾವು ಆಡುವಾಗ ನನ್ನಪ್ಪ ಒಂದು ದಿನವೂ ಮೈದಾನಕ್ಕೆ ಬಂದವರಲ್ಲ. ಬಂದಿದ್ದರೆ ಕೈಯಲ್ಲಿ ಬೆತ್ತ ಇರುತ್ತಿತ್ತು.

ಮೈದಾನದ ನಡುವೆ ಬೋಳುತಲೆಯ ಮುದುಕನೊಬ್ಬ ಎಡಗಾಲು ಎಳೆಯುತ್ತ ಕಿತ್ತಳೆ ಬಣ್ಣದ ಕೋನ್‌ಗಳನ್ನು ಜೋಡಿಸುತ್ತಿದ್ದ. ಇವನಾಗಿರಲಾರ ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಹುಡುಗಿ ಅವನ ಕಡೆ ಚೆಂಡು ಒದ್ದಳು. ಅದು ಬರುವ ಮೊದಲು ಆ ಬೋಳುತಲೆ ಎಡಭುಜದ ಮೇಲಿಂದ ಒಮ್ಮೆ, ಬಲಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಡಿತು. ಹಿಂದೆ ಯಾರೂ ಇರಲಿಲ್ಲ, ಬರೀ ಬೇಲಿ.

ಅಭ್ಯಾಸ ಮುಗಿದ ಮೇಲೆ ಹತ್ತಿರ ಹೋಗಿ, ನಿನ್ನ ಆಟ ನೋಡಿದ್ದೇನೆ ಎಂದೆ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಶಾಲೆಯಲ್ಲಿ ಫೇಲಾದಂಥವು, ಹಾಗಾಗಿ ತೊಂದರೆಯಾಗಲಿಲ್ಲ.

"ನನ್ನನ್ನು ಎಲ್ಲಿ ನೋಡಿದ್ದೀಯ?" ಎಂದ ಅನುಮಾನದಿಂದ.

"ಬೆಂಗಳೂರಿನಲ್ಲಿ. ಪಕ್ಕದ ಮನೆಯ ಟಿವಿಯಲ್ಲಿ."

"ನನ್ನನ್ನಾ? ಟಿವಿಯವರು ನನ್ನನ್ನು ತೋರಿಸುತ್ತಲೇ ಇರಲಿಲ್ಲವಲ್ಲ."

"ಹುಡುಕಿ ನೋಡುತ್ತಿದ್ದೆ. ನಾನೂ ಅದೇ ಜಾಗದಲ್ಲಿ ಆಡಿದವನು."

ಅವನು ನನ್ನ ಮುಖ ಬಿಟ್ಟು ಮೊಣಕಾಲು ನೋಡಿದ. "ಹಾಗಾದರೆ ನಿನ್ನದೂ ಹೋಗಿರಬೇಕು," ಎಂದು ನಕ್ಕ. ನಾನು ಸೆಮಿಫೈನಲ್‌ನ ಮಾತೆತ್ತಿದೆ. ನಗು ನಿಂತಿತು. "ಆ ಪಂದ್ಯ ಬೇಡ," ಎಂದು ಕೋನ್‌ಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ನಾನೂ ಬಗ್ಗಿ ಅವನ ಜೊತೆ ಆರಿಸಿದೆ. ಮುಂದೆ ಪ್ರತಿ ಅಭ್ಯಾಸಕ್ಕೂ ಹೋದೆ. ಕೋನ್ ಇಡುವುದು, ಹೊರಗೆ ಹೋದ ಚೆಂಡು ತಂದು ಹುಡುಗಿಯರಿಗೆ ಒದೆಯುವುದು ನನ್ನ ಕೆಲಸವಾಯಿತು.

ಬೈ ಟೂ

ಲೈಟ್ ರೈಲ್ ನಿಲ್ದಾಣದ ಹತ್ತಿರ ಒಂದು ಕಾಫಿ ಅಂಗಡಿಯಿತ್ತು. ಕಾಫಿ ಊರೆಂದು ಹೆಸರಾದ ಕಡೆ ಕಾಫಿ ಕೊಡುವುದು ಸ್ನಾನದ ಚೊಂಬಿನಂಥ ಲೋಟದಲ್ಲಿ. ಒರೆಸ್ತೆ ಅದನ್ನು ದಿನವೂ ಬೈದುಕೊಂಡೇ ಕುಡಿಯುತ್ತಿದ್ದ. ನಾನು ಕೌಂಟರಿನ ಹುಡುಗಿಯಿಂದ ಒಂದು ಖಾಲಿ ಲೋಟ ಕೇಳಿ, ಒಂದೇ ಕಾಫಿಯನ್ನು ಇಬ್ಬರಿಗೂ ಹಂಚಿದೆ. "ಇದಕ್ಕೆ ನಮ್ಮೂರಲ್ಲಿ ಬೈ ಟೂ ಅಂತಾರೆ," ಎಂದೆ. ಆ ಹುಡುಗಿ ದೂರದಿಂದ ನೋಡಿ, ಪಾಪ, ಈ ಇಬ್ಬರು ಮುದುಕರ ಕೈ ಖಾಲಿ ಎಂದುಕೊಂಡಳೋ ಏನೋ, ಇನ್ನೊಂದು ಚೊಂಬು ಕಾಫಿ ಪುಕ್ಕಟೆಯಾಗಿ ತಂದಿಟ್ಟಳು. ಒರೆಸ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಂದಿನಿಂದ ನನ್ನನ್ನು ಕಂಡ ಕೂಡಲೇ "ಬಾಯ್ ತೂ!" ಎನ್ನುತ್ತಿದ್ದ.

ಅಲ್ಲಿ ಕುಳಿತು ಅವನು ತನ್ನ ಆಟದ ಕತೆಯನ್ನು ಚೂರುಚೂರಾಗಿ ಹೇಳಿದ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಊರಿನ ಸಣ್ಣ ಕ್ಲಬ್ಬಿನಲ್ಲಿ ಶುರು. ಅವರ ಭಾಷೆಯಲ್ಲಿ ನಮ್ಮಂಥ ಆಟಗಾರರಿಗೆ 'ಮೆದಿಯಾನೊ' ಅನ್ನುತ್ತಾರಂತೆ. ಓಡುವವನು, ಕಿತ್ತುಕೊಳ್ಳುವವನು, ಕೊಟ್ಟು ಮರೆಯಾಗುವವನು. ಮಂಡಿಗೆ ಪೆಟ್ಟಾದ ವರ್ಷ ದೊಡ್ಡ ಕ್ಲಬ್ಬಿನವರು ಅವನನ್ನು ಬೇರೆ ಕ್ಲಬ್ಬಿಗೆ ಮಾರಿದರು. ಮಾರಿದ್ದು ಅವನಿಗೆ ಗೊತ್ತಾದದ್ದು ಬೆಳಗಿನ ಪೇಪರಿನಿಂದ. ಆಡಲು ಉಳಿದಿದ್ದ ಕೊನೆಯ ಶಕ್ತಿಯನ್ನು ಅಮೆರಿಕದ ಒಂದು ತಂಡಕ್ಕೆ ಕೊಟ್ಟು, ಇಲ್ಲಿಯವಳನ್ನೇ ಮದುವೆಯಾಗಿ, ಅವಳು ಬಿಟ್ಟು ಹೋದ ಮೇಲೂ ಇಲ್ಲೇ ಉಳಿದ.

"ಊರಿಗೆ ಹೋಗಿ ಏನು ಮಾಡಲಿ? ಅಲ್ಲಿ ಎಲ್ಲರಿಗೂ ಆ ತಂಡ ನೆನಪಿದೆ. ಗೋಡೆಗೋಡೆಯ ಮೇಲೆ ಕಪ್ ಎತ್ತಿದ ಫೋಟೊ. ನಾನು ಮಾತ್ರ ಅದರಲ್ಲಿ ಇಲ್ಲ," ಎಂದ.

ಅವನಿಗೆ ಮಂಡಿಚಿಪ್ಪು ಬದಲಿಸುವ ಆಪರೇಷನ್ ಆಗಬೇಕಿತ್ತು. ಚಳಿಗಾಲಕ್ಕೆ ದಿನ ಗೊತ್ತಾಗಿತ್ತು. ಅದಕ್ಕೆ ಬೇಕಾದ ವಿಮೆ ಬರುತ್ತಿದ್ದದ್ದು ಕ್ಲಬ್ಬಿನ ಕೆಲಸದಿಂದ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ, ವಿಮೆ ಹೋದರೆ ಮಂಡಿಯೂ. ಕೂಗಾಡುತ್ತಾನೆ ಎಂದು ಕ್ಲಬ್ಬಿನವರು ಆಗಲೇ ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. "ಚಳಿಗಾಲದವರೆಗೆ ಬಾಯಿಗೆ ಬೀಗ," ಎಂದು ತುಟಿಯ ಮೇಲೆ ಬೆರಳಿಟ್ಟುಕೊಂಡ.

ರೆಡ್ಮಂಡ್

ಒಂದು ದಿನ ಶ್ರೀಹರಿ ತಮ್ಮ ಆಫೀಸು ತೋರಿಸಲು ಕರೆದುಕೊಂಡು ಹೋದರು. ಆಫೀಸಲ್ಲ, ಒಂದು ಪಟ್ಟಣ. ಒಳಗೇ ಆಟದ ಮೈದಾನವೂ ಇತ್ತು, ಆಡುವವರು ಇರಲಿಲ್ಲ. ಕ್ಯಾಂಟೀನಿನಲ್ಲಿ ಸಾರನ್ನ ಎಂದು ಬರೆದಿದ್ದ ಯಾವುದನ್ನೋ ತಿನ್ನುತ್ತ ಕುಳಿತಾಗ ಅವರು ವಿಷಯಕ್ಕೆ ಬಂದರು.

"ಮಾಮ, ನೀವು ಅವರ ಫ್ಯಾನು, ಬೇಜಾರು ಮಾಡ್ಕೋಬೇಡಿ. ಅವ್ರು ಅನ್ವೀನ ಮುಂದಕ್ಕೇ ಬಿಡ್ತಿಲ್ಲ. ಹಿಂದೆ ನಿಂತ್ಕೋ, ಭುಜದ ಮೇಲಿಂದ ನೋಡು, ಪಾಸ್ ಮಾಡು. ಮುಂದಿನ ವರ್ಷ ದೊಡ್ಡ ಟೀಮಿನ ಸೆಲೆಕ್ಷನ್ ಟ್ರೈಔಟ್ ಇದೆ. ಅಲ್ಲಿ ಗೋಲ್ ಹೊಡ್ದೋರ್ನ ತಾನೇ ನೋಡೋದು?"

"ಅವಳಿಗೆ ಆ ಜಾಗ ಇಷ್ಟ ಅಲ್ವಾ ಶ್ರೀಹರಿ? ನೀವು ಕೇಳಿದೀರಾ?"

"ಹನ್ನೊಂದು ವರ್ಷದ ಮಗುಗೆ ಏನು ಗೊತ್ತಾಗತ್ತೆ ಮಾಮ? ಪೇರೆಂಟ್ಸ್ ಎಲ್ಲರ ಫೀಡ್‌ಬ್ಯಾಕ್ ಇದೇನೇ."

ನನಗೆ ಕೋಪ ಬಂತು. ನಮ್ಮ ಕಾರ್ಖಾನೆಯ ಮ್ಯಾನೇಜರೂ ಇದನ್ನೇ ಕೇಳಿದ್ದ: ನೀನು ಒಟ್ಟು ಎಷ್ಟು ಗೋಲು ಹೊಡೆದಿದ್ದೀಯಪ್ಪಾ? ಸಮುದ್ರ ದಾಟಿ ಬಂದರೂ ಅದೇ ಪ್ರಶ್ನೆ. ಅತಿಥಿಯಾಗಿ ಬಂದವನು, ಅನ್ನ ಹಾಕುತ್ತಿರುವವರ ಮುಂದೆ ಏನು ಹೇಳಲಿ ಎಂದು ಸುಮ್ಮನೆ ಸಾರು ಕಲಸಿದೆ.

ಮೌನದ ಶನಿವಾರ

ಆ ಕಡೆ ಮಕ್ಕಳ ಆಟದಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಸೀಸನ್‌ಗೆ ಒಂದು ಶನಿವಾರ ಯಾರೂ ಬಾಯಿ ಬಿಡಬಾರದು. ಪೋಷಕರೂ ಇಲ್ಲ, ಕೋಚೂ ಇಲ್ಲ. ಚಪ್ಪಾಳೆ ಮಾತ್ರ ತಟ್ಟಬಹುದು. ದೊಡ್ಡವರ ಕಿರುಚಾಟದಿಂದ ಮಕ್ಕಳು ಹೆದರಬಾರದು, ತಮ್ಮ ಬುದ್ಧಿಯಿಂದ ತಾವೇ ಆಡಬೇಕು ಎನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಬಾಯಿಗೆ ಕೆಲಸ ಬೇಕಲ್ಲ, ಅದಕ್ಕೆ ಎಲ್ಲರ ಕೈಗೂ ಒಂದೊಂದು ಲಾಲಿಪಾಪ್ ಕೊಡುತ್ತಾರೆ. ಗಡ್ಡ ಬಿಟ್ಟ ಗಂಡಸರು, ಆಫೀಸಿನಲ್ಲಿ ನೂರಾರು ಜನರನ್ನು ಆಳುವ ಹೆಂಗಸರು ಸಾಲಾಗಿ ಕುಳಿತು ಲಾಲಿಪಾಪ್ ಚೀಪುವುದನ್ನು ನೀವು ನೋಡಬೇಕಿತ್ತು. ಗೌತಮಪುರದ ನನ್ನ ಗೆಳೆಯರು ನೋಡಿದ್ದರೆ ಆಟ ಬಿಟ್ಟು ಇದಕ್ಕೇ ಟಿಕೆಟ್ ಕೊಳ್ಳುತ್ತಿದ್ದರು.

ಒರೆಸ್ತೆ ನಮ್ಮಿಂದ ನಾಲ್ಕು ಹೆಜ್ಜೆ ಆಚೆ, ಗೆರೆಯ ಪಕ್ಕ ನಿಂತಿದ್ದ. ಬಾಯಲ್ಲಿ ಕೆಂಪು ಲಾಲಿಪಾಪ್. ನಾನು ನನ್ನ ಹಸಿರು ಲಾಲಿಪಾಪ್ ಎತ್ತಿ ತೋರಿಸಿದೆ. ಕಣ್ಣು ಹೊಡೆದ.

ಪಂದ್ಯ ಸಮಸಮವಾಗಿ ನಡೆದಿತ್ತು. ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿತ್ತು. ಅನ್ವಿ ಮಧ್ಯದಲ್ಲಿ ಚೆಂಡು ಕಿತ್ತುಕೊಂಡಳು. ಎಷ್ಟು ನಯವಾಗಿ ಎಂದರೆ, ಎದುರಿನ ಹುಡುಗಿಗೆ ಗೊತ್ತೇ ಆಗಲಿಲ್ಲ. ಮುಂದೆ ಜಾಗ ಖಾಲಿಯಿತ್ತು, ಓಡಿದಳು. ಓಡುತ್ತಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಬಲಗಡೆ ಅವಳ ಗೆಳತಿ ಯಾರ ಕಾವಲೂ ಇಲ್ಲದೆ ನಿಂತಿದ್ದಳು. ಅನ್ವಿ ಕಾಲು ತಿರುಗಿಸಿದಳು. ಆ ಒಂದು ತಿರುವಿನಲ್ಲಿ ನನಗೆ ಭಾನುವಾರದ ಸಂಜೆಗಳೆಲ್ಲ ಕಂಡವು.

"ಹೊಡಿಯೇ ಅನ್ವಿ! ನೀನೇ ಹೊಡಿ! ಪಾಸ್ ಕೊಡ್ಬೇಡ!"

ನನ್ನ ಪಕ್ಕದ ಕುರ್ಚಿಯಿಂದ ಶ್ರೀಹರಿ. ಆ ನಿಶ್ಶಬ್ದದಲ್ಲಿ ಆ ಕೂಗು ಪಟಾಕಿ ಸಿಡಿದ ಹಾಗೆ ಕೇಳಿಸಿತು. ಅನ್ವಿ ಅಪ್ಪನ ಕನ್ನಡಕ್ಕೂ ಕೋಚಿನ ಪಾಠಕ್ಕೂ ನಡುವೆ ನಿಂತುಬಿಟ್ಟಳು. ಎದುರಿನವರು ಚೆಂಡು ಕಸಿದುಕೊಂಡು ಹೋಗಿ ಗೋಲು ಹೊಡೆದರು. ರೆಫರಿ ಹೆಂಗಸು ಕೂಗು ಬಂದ ದಿಕ್ಕಿಗೆ ತಿರುಗುವಷ್ಟರಲ್ಲಿ ಶ್ರೀಹರಿ ಕುರ್ಚಿಯಲ್ಲಿ ಕುಳಿತು ಲಾಲಿಪಾಪ್ ಬಾಯಿಗಿಟ್ಟುಕೊಂಡಿದ್ದರು. ಅವಳಿಗೆ ಕಂಡದ್ದು ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಬಾಯಿ ತೆರೆದು ನಿಂತಿದ್ದ ಒರೆಸ್ತೆ.

ಕಾರಿನಲ್ಲಿ ನಾನು, "ಶ್ರೀಹರಿ, ಇವತ್ತು ಕೂಗೋ ಹಾಗಿರ್ಲಿಲ್ಲ ಅಲ್ವಾ?" ಎಂದೆ.

"ಕನ್ನಡದಲ್ಲಿ ತಾನೇ ಮಾಮ ಕೂಗಿದ್ದು," ಎಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು. ಹಿಂದಿನ ಸೀಟಿನಲ್ಲಿ ಅನ್ವಿ ಕಿಟಕಿಯ ಕಡೆ ಮುಖ ಮಾಡಿದ್ದಳು.

ಲೈಬ್ರರಿಯ ಕೋಣೆ

ಮುಂದಿನ ವಾರ ಕ್ಲಬ್ಬಿನವರು ಸಭೆ ಕರೆದರು. ಶೋರ್‌ಲೈನ್‌ನ ಲೈಬ್ರರಿಯಲ್ಲಿ ಒಂದು ಕೋಣೆ. ಪೋಷಕರು ಬರಬೇಕು, ಮಕ್ಕಳೂ ಬಂದು ತಮಗೇನನ್ನಿಸಿತು ಹೇಳಬೇಕು. ನಾನೂ ಹೋದೆ. ಕ್ಲಬ್ಬಿನ ನಿರ್ದೇಶಕಿ ನಗುಮುಖದ ಹೆಂಗಸು. ಅಲ್ಲಿನವರು ಕತ್ತು ಕೊಯ್ಯುವಾಗಲೂ ನಗುತ್ತಾರೆಂದು ನನಗೆ ಇನ್ನೂ ತಿಳಿದಿರಲಿಲ್ಲ.

ಮೌನದ ಶನಿವಾರ ಗೆರೆಯ ಪಕ್ಕದಿಂದ ಇಟಾಲಿಯನ್ ಭಾಷೆಯಲ್ಲಿ ಯಾರೋ ಕೂಗಿದರೆಂದು ರೆಫರಿ ಹೇಳಿದ್ದಾರೆ, ನಿಜವೇ ಎಂದು ಅವಳು ಒರೆಸ್ತೆಯನ್ನು ಕೇಳಿದಳು. ಅವಳ ಮಟ್ಟಿಗೆ ಇಂಗ್ಲಿಷಲ್ಲದ್ದು, ಆ ಜಾಗದಿಂದ ಬಂದದ್ದು, ಇಟಾಲಿಯನ್ನೇ ಆಗಿರಬೇಕು. ಒರೆಸ್ತೆ ಮೇಜಿನಾಚೆ ಕುಳಿತ ಶ್ರೀಹರಿಯನ್ನು ನೋಡಿದ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದವನಿಗೆ ಕೂಗಿದ್ದು ಯಾರೆಂದು ಗೊತ್ತಿಲ್ಲದೆ ಇರುತ್ತದೆಯೇ? ಶ್ರೀಹರಿ ಫೋನಿನಲ್ಲಿ ಏನನ್ನೋ ಓದುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಒರೆಸ್ತೆಯ ಕಣ್ಣು ಅಲ್ಲಿಂದ ಅನ್ವಿಯ ಮೇಲೆ ಹೋಯಿತು. ಅವಳು ತನ್ನ ಬೂಟಿನ ತುದಿ ನೋಡುತ್ತಿದ್ದಳು.

"ಹೌದು. ನಾನೇ. ತಪ್ಪಾಯಿತು," ಎಂದ ಒರೆಸ್ತೆ.

ನಿರ್ದೇಶಕಿಗೆ ನಿರಾಳವಾಯಿತು. ಒಪ್ಪಿಕೊಂಡಿರಲ್ಲ, ಅಷ್ಟೇ ಬೇಕಿದ್ದದ್ದು, ಇನ್ನು ಈ ಸೀಸನ್ ಮುಗಿಯುವವರೆಗೆ ಹೀಗಾಗದಿರಲಿ ಎಂದಳು. ಕುರ್ಚಿಗಳು ಸರಿದ ಸದ್ದಾಯಿತು. ಅಲ್ಲಿಗೆ ಮುಗಿದಿತ್ತು. ಮುಗಿಯಲು ಬಿಡಬೇಕಿತ್ತು.

ನನ್ನ ಕೈಲಿ ಆಗಲಿಲ್ಲ. ಅಂದು ಟಿವಿಯ ಮುಂದೆ ಕೂತು, ಇನ್ನೊಬ್ಬನ ತಪ್ಪಿಗೆ ಇವನು ಕಾರ್ಡ್ ತೆಗೆದುಕೊಳ್ಳುವುದನ್ನು ನೋಡಿದ್ದೆ. ಈಗ ಅವನಿದ್ದ ಕೋಣೆಯಲ್ಲೇ ನಾನೂ ಇದ್ದೆ. ಎದ್ದು ನಿಂತೆ. ವಿನುತಾ ನನ್ನ ಶರ್ಟು ಹಿಡಿದೆಳೆದು, "ಮಾಮ, ಪ್ಲೀಸ್, ಕೂತ್ಕೋ," ಎಂದಳು.

"ಅದು ಇಟಾಲಿಯನ್ ಅಲ್ಲ. ಕನ್ನಡ, ನನ್ನ ಭಾಷೆ. ಇವರು ಕೂಗಲಿಲ್ಲ," ಎಂದೆ.

"ಹಾಗಾದರೆ ಯಾರು?"

ಶ್ರೀಹರಿ ಹೇಳಲಿ ಎಂದು ಕಾದೆ. ಅವರು ಫೋನಿನಿಂದ ಕಣ್ಣು ಎತ್ತಲಿಲ್ಲ. ಅನ್ವಿ ಅಪ್ಪನನ್ನೇ ನೋಡುತ್ತಿದ್ದಳು. ಆ ಮಗುವಿನೆದುರು ಅವಳಪ್ಪನ ಹೆಸರು ನನ್ನ ಬಾಯಿಂದ ಬರಲಿಲ್ಲ.

"ನಾನು," ಎಂದೆ.

ನಿರ್ದೇಶಕಿ ನಗುನಗುತ್ತಲೇ ಕೇಳತೊಡಗಿದಳು. ನೀವು ಯಾರು? ಕೋಚಿನ ಸ್ನೇಹಿತ ಎಂದೆ. ಅಭ್ಯಾಸಕ್ಕೂ ಬರುತ್ತೀರಾ? ಹೌದು, ದಿನವೂ ಕೋನ್ ಇಡುತ್ತೇನೆ, ಹುಡುಗಿಯರಿಗೆ ಚೆಂಡು ಒದೆಯುತ್ತೇನೆ ಎಂದು ಹೆಮ್ಮೆಯಿಂದ ಹೇಳಿದೆ. ನಿಮ್ಮ ಹಿನ್ನೆಲೆಯ ತಪಾಸಣೆ ಆಗಿದೆಯೇ? ಅದೇನೆಂದು ನಾನು ಕೇಳಿದೆ. ಅಲ್ಲಿ ಮಕ್ಕಳ ಜೊತೆ ಮೈದಾನಕ್ಕಿಳಿಯುವ ಪ್ರತಿ ದೊಡ್ಡವರ ಬಗ್ಗೆಯೂ ಪೊಲೀಸರಲ್ಲಿ ವಿಚಾರಿಸಿರಬೇಕಂತೆ. ನಾನು ಹೇಳಿದ ಒಂದೊಂದು ನಿಜವೂ ಒರೆಸ್ತೆಯ ಕತ್ತಿಗೆ ಸುತ್ತಿಕೊಂಡಿತು. ಗೊತ್ತಿಲ್ಲದ ಹೊರಗಿನವನನ್ನು ಹುಡುಗಿಯರ ನಡುವೆ ಬಿಟ್ಟುಕೊಂಡವನು. ಆಮೇಲೆ ಮಕ್ಕಳ ಮುಂದೆ ಸುಳ್ಳು ಹೇಳಿದವನು. ಕೂಗಿದ್ದನ್ನಾದರೂ ಕ್ಷಮಿಸಬಹುದಿತ್ತು, ಇದನ್ನಲ್ಲ ಎಂದಳು. ಅವತ್ತೇ ಅವನ ಕೆಲಸ ಹೋಯಿತು.

ಹೊರಗೆ ಕಾರುಗಳ ನಡುವೆ ಒರೆಸ್ತೆ ನನ್ನನ್ನು ತಡೆದ. ಅವನ ಮುಖ ಬಿಳಚಿಕೊಂಡಿತ್ತು.

"ಒಂದೇ ಚೆಂಡಿಗೆ ಇಬ್ಬರು ಹೋಗಬಾರದು. ಈ ಮಕ್ಕಳಿಗೂ ಗೊತ್ತು. ನಿನಗೆ ಗೊತ್ತಿಲ್ಲವೇ? ನಾನು ತೆಗೆದುಕೊಂಡಾಗಿತ್ತು. ನೀನು ಯಾಕೆ ಬಂದೆ?"

ಆಗ ಅನ್ವಿ ನಮ್ಮ ಮುಂದೆ ಬಂದು ನಿಂತಳು. ನಿರ್ದೇಶಕಿ ಇನ್ನೂ ಅಲ್ಲೇ ತನ್ನ ಕಾರಿನ ಬಾಗಿಲು ತೆಗೆಯುತ್ತಿದ್ದಳು.

"ತಾತ ಕೂಗಿಲ್ಲ. ಅಪ್ಪ ಕೂಗಿದ್ದು," ಎಂದಳು ಅನ್ವಿ ಗಟ್ಟಿಯಾಗಿ. ನಾನು ಬಂದಾಗಿನಿಂದ ಅವಳ ಬಾಯಲ್ಲಿ ಕೇಳಿದ ಮೊದಲ ಕನ್ನಡ ಅದು.

"ನಾಟ್ ನೌ, ಅನ್ವಿ," ಎಂದರು ಶ್ರೀಹರಿ ಇಂಗ್ಲಿಷಿನಲ್ಲಿ.

ನಿರ್ದೇಶಕಿ ಎಲ್ಲರಿಗೂ ಕೈಬೀಸಿ ಕಾರು ಹತ್ತಿದಳು. ಅನ್ವಿ ಹೇಳಿದ್ದು ನಮ್ಮ ಮನೆಯವರಿಗೆ ಬಿಟ್ಟು ಅಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ.

ಮತ್ತೆ ಕಾಫಿ ಅಂಗಡಿ

ಹೊರಡುವ ಮುಂಚೆ ಒಬ್ಬನೇ ರೈಲು ಹತ್ತಿ ಶೋರ್‌ಲೈನ್‌ಗೆ ಹೋದೆ. ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದ. 'ಬಾಯ್ ತೂ' ಅನ್ನಲಿಲ್ಲ. ಎರಡು ಕಾಫಿ ತರಿಸಿದ, ಇಬ್ಬರಿಗೂ ಒಂದೊಂದು ಚೊಂಬು. ಆಪರೇಷನ್ನಿನ ದಿನವನ್ನು ಆಸ್ಪತ್ರೆಯವರು ರದ್ದು ಮಾಡಿದ್ದಾರೆ ಎಂದ. ಕ್ಷಮಿಸು ಎಂದೆ. ಕೈ ಅಲ್ಲಾಡಿಸಿದ.

ಆಮೇಲೆ ಅವನೇ ಸೆಮಿಫೈನಲ್‌ನ ಮಾತು ತೆಗೆದ.

"ಗೊತ್ತಿತ್ತು. ಕಾಲು ಚಾಚುವ ಮೊದಲೇ ಗೊತ್ತಿತ್ತು, ಫೈನಲ್ ಹೋಯಿತು ಅಂತ. ನಿನಗೆ ಬೇಕಿದ್ದದ್ದು ಇದೇ ತಾನೇ?"

"ಮತ್ತೆ ಯಾಕೆ ಚಾಚಿದೆ?"

"ಬೇರೆ ಯಾರೂ ಇರಲಿಲ್ಲ." ಕಾಫಿ ಕುಡಿದು ಮುಖ ಕಿವುಚಿದ. "ನಾನು ದೊಡ್ಡ ತ್ಯಾಗಿ ಅಂದುಕೊಳ್ಳಬೇಡ. ಆ ನಾಯಕನಿಗೆ ಇವತ್ತಿಗೂ ದಿನ ಬೆಳಗಾದರೆ ಬೈಯುತ್ತೇನೆ. ಫೈನಲ್ ಗೆದ್ದ ಮೇಲೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ. ಅಷ್ಟೇ. ಆಮೇಲೆ ಒಂದೇ ತಂಡದಲ್ಲಿದ್ದರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಮುಖ ಕಂಡರೆ ಅವನಿಗೆ ತಾನು ಕಳೆದುಕೊಂಡ ಚೆಂಡು ನೆನಪಾಗುತ್ತಿತ್ತು. ನನ್ನನ್ನು ಮಾರುವಾಗ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ."

ನಾನು ಅಷ್ಟು ವರ್ಷ ಹೊತ್ತುಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಿಗದಿದ್ದರೂ ನಡೆಯುತ್ತಿತ್ತು. ರೈಲಿನ ಹೊತ್ತಾದಾಗ ಎದ್ದು ಅವನ ಕೈ ಹಿಡಿದು, ಥ್ಯಾಂಕ್ಸ್ ಎಂದೆ. ಅವನು ತನ್ನ ನಂಬರನ್ನು ನನ್ನ ಫೋನಿಗೆ ತಾನೇ ಒತ್ತಿಕೊಟ್ಟ. ಬಾಗಿಲ ಹತ್ತಿರ ತಿರುಗಿ ನೋಡಿದೆ. ಮೇಜು ಹಿಡಿದುಕೊಂಡು ಏಳಲು ಒದ್ದಾಡುತ್ತಿದ್ದ.

ಹಲಸೂರು

ಮನೆಗೆ ಬಂದು ಬೂಟು ಕೊಡವಿದೆ. ಕಪ್ಪು ರಬ್ಬರ್ ಕಾಳುಗಳು ಉದುರಿದವು. ಎಷ್ಟು ಗುಡಿಸಿದರೂ ಇನ್ನೂ ಮೂಲೆಯಲ್ಲಿ ಒಂದೊಂದು ಸಿಗುತ್ತಲೇ ಇವೆ.

ವಿನುತಾ ಫೋನ್ ಮಾಡುತ್ತಿರುತ್ತಾಳೆ. ಹೊಸ ಕೋಚ್ ಬಂದಿದ್ದಾಳಂತೆ, ಅನ್ವಿಯನ್ನು ಮುಂದೆ ಆಡಿಸುತ್ತಿದ್ದಾಳಂತೆ. ಒಂದು ವಿಡಿಯೊ ಕಳಿಸಿದ್ದಳು. ಅದರಲ್ಲಿ ಅನ್ವಿ ಗೋಲಿನ ಮುಂದೆ ನಿಂತಿದ್ದಾಳೆ, ಚೆಂಡು ಬರುತ್ತಿದೆ, ಅವಳು ಎರಡೂ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾಳೆ. ಅವಳ ಅಪ್ಪ ಈಗ ಇಂಗ್ಲಿಷಿನಲ್ಲಿ ಕೂಗುತ್ತಾರೆ.

ಏರ್‌ಪೋರ್ಟಿಗೆ ಬಿಡಲು ಬಂದಿದ್ದ ಶ್ರೀಹರಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, "ಥ್ಯಾಂಕ್ಸ್ ಮಾಮ," ಎಂದಿದ್ದರು. ಯಾತಕ್ಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ. ವಿನುತಾ ಫೋನ್ ಮಾಡಿದಾಗಲೆಲ್ಲ ಅವರು ಮೀಟಿಂಗ್‌ನಲ್ಲಿರುತ್ತಾರೆ. ಮೊದಮೊದಲು ಅವರನ್ನು ಮನಸಾರೆ ಬೈದುಕೊಳ್ಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಒರೆಸ್ತೆಗೆ ನಾನೂ ಥ್ಯಾಂಕ್ಸ್ ಹೇಳಿಯೇ ಬಂದವನು. ಅವನ ನಂಬರ್ ನನ್ನ ಫೋನಿನಲ್ಲಿದೆ. ನಾನೂ ಫೋನ್ ಮಾಡಿಲ್ಲ.